ಅಳೆದವರು, ಕಟ್ಟಿದವರು: ಡಿ.ಎನ್.ಎ. ಜೋಡಿಸುರುಳಿಯ ಕಥೆ

ಮಗು ಹುಟ್ಟಿದ ಮನೆಗೆ ನೋಡಲು ಹೋದವರು ಮೊದಲು ಆಡುವ ಮಾತು ಯಾವುದೆಂದು ನೀವು ಬಲ್ಲಿರಿ. ತೊಟ್ಟಿಲಿಗೆ ಬಗ್ಗಿ ನೋಡಿ, “ಕಣ್ಣು ತಾಯಿಯದು, ಮೂಗು ಮಾತ್ರ ಥೇಟ್ ತಾತನದೇ” ಎನ್ನುತ್ತಾರೆ. ತಾತ ತೀರಿಕೊಂಡು ಹತ್ತಾರು ವರ್ಷಗಳಾಗಿರಬಹುದು. ಆ ಮೂಗು ಅವರೊಂದಿಗೇ ಮಣ್ಣುಗೂಡಿತು. ಮಗಳಿಗೆ ಬಾರದ ಮೂಗು ಮೊಮ್ಮಗನಿಗೆ ಬಂದಿತು. ಹಾಗಾದರೆ ನಡುವಿನ ಅಷ್ಟು ವರ್ಷ ಅದು ಎಲ್ಲಿ ಅಡಗಿತ್ತು? ಯಾವ ಪದಾರ್ಥದ ಮೇಲೆ, ಯಾವ ಲಿಪಿಯಲ್ಲಿ ಅದರ ವಿವರವನ್ನು ಬರೆದಿಟ್ಟಿತ್ತು?

ಈ ಪ್ರಶ್ನೆಗೆ ಉತ್ತರದ ಬಾಗಿಲು ತೆರೆದದ್ದು ೧೯೫೩ರ ಏಪ್ರಿಲ್ ೨೫ರಂದು. ಅಂದಿನ ‘ನೇಚರ್’ ವಾರಪತ್ರಿಕೆಯಲ್ಲಿ ಒಂದು ಪುಟಕ್ಕಿಂತ ತುಸು ಹೆಚ್ಚಿನ ಲೇಖನವೊಂದು ಅಚ್ಚಾಯಿತು. ಬರೆದವರು ಕೇಂಬ್ರಿಜಿನ ಜೇಮ್ಸ್ ವಾಟ್ಸನ್ ಮತ್ತು ಫ್ರಾನ್ಸಿಸ್ ಕ್ರಿಕ್. ಶಾಲೆಯ ಪುಸ್ತಕಗಳಲ್ಲಿ ಇವರ ಹೆಸರುಗಳು ಎತ್ತಿನ ಜೋಡಿಯಂತೆ ಒಟ್ಟಿಗೇ ಬರುತ್ತವೆ. ಆದರೆ ಅದೇ ಸಂಚಿಕೆಯಲ್ಲಿ, ಅದರ ಬೆನ್ನಿಗೇ, ಲಂಡನ್ನಿನ ಕಿಂಗ್ಸ್ ಕಾಲೇಜಿನಿಂದ ಬಂದ ಇನ್ನೆರಡು ಲೇಖನಗಳಿದ್ದವು. ಅವುಗಳಲ್ಲಿ ಕೊನೆಯದನ್ನು ಬರೆದವರು ರೊಸಾಲಿಂಡ್ ಫ್ರಾಂಕ್ಲಿನ್ ಮತ್ತು ಅವರ ವಿದ್ಯಾರ್ಥಿ ರೇಮಂಡ್ ಗಾಸ್ಲಿಂಗ್. ಮೊದಲನೆಯ ಲೇಖನ ಮನೆಯಾದರೆ ಕೊನೆಯದು ಅದರ ಅಡಿಗಲ್ಲು. ಓದುಗರ ಕಣ್ಣಿಗೆ ಮಾತ್ರ ಅಡಿಗಲ್ಲು ಮನೆಯಾದ ಮೇಲೆ ಇಟ್ಟದ್ದರಂತೆ ಕಂಡಿತು. ಹೀಗಾದದ್ದು ಹೇಗೆಂಬುದನ್ನು ಬುಡದಿಂದಲೇ ನೋಡೋಣ.

ಪದಾರ್ಥವನ್ನು ಮೊದಲು ಕಂಡವರು ಸ್ವಿಟ್ಜರ್ಲೆಂಡಿನ ಫ್ರೀಡ್ರಿಕ್ ಮೀಷರ್. ಅದು ೧೮೬೯ರ ಮಾತು. ಜರ್ಮನಿಯ ಟ್ಯೂಬಿಂಗನ್ ಊರಿನ ಕೋಟೆಯಲ್ಲಿ ಹಿಂದೆ ಅಡುಗೆಮನೆಯಾಗಿದ್ದ ಕೋಣೆಯೇ ಅವರ ಪ್ರಯೋಗಶಾಲೆ. ಹತ್ತಿರದ ಆಸ್ಪತ್ರೆಯಿಂದ ಕೀವು ಹತ್ತಿದ ಬ್ಯಾಂಡೇಜುಗಳನ್ನು ತರಿಸಿ, ಕೀವಿನಲ್ಲಿರುವ ಬಿಳಿಯ ರಕ್ತಕಣಗಳನ್ನು ತೊಳೆದು ತೆಗೆದು, ಅವುಗಳ ಒಳಗಿನ ಕೋಶಕೇಂದ್ರವನ್ನು ಬೇರ್ಪಡಿಸಿದರು. ಕೇಂದ್ರದಲ್ಲಿ ರಂಜಕ ಹೇರಳವಾಗಿದ್ದ, ಅದುವರೆಗೆ ಯಾರೂ ಕಾಣದ ಒಂದು ವಸ್ತು ಸಿಕ್ಕಿತು. ಅದಕ್ಕೆ ‘ನ್ಯೂಕ್ಲಿಯಿನ್’ ಎಂದು ಹೆಸರಿಟ್ಟರು. ಅವರ ಗುರು ಹೊಪ್ಪೆ-ಸೈಲರ್ ಶಿಷ್ಯನ ಮಾತನ್ನು ನಂಬದೆ ಪ್ರಯೋಗಗಳನ್ನು ತಾವೇ ಮತ್ತೆ ಮಾಡಿ ನೋಡಿದರು. ಆದ್ದರಿಂದ ಲೇಖನ ಹೊರಬಂದದ್ದು ೧೮೭೧ರಲ್ಲಿ. ಗುರುಗಳು ಹೀಗಿದ್ದರೆ ಶಿಷ್ಯರಿಗೆ ಕಷ್ಟ, ಶಾಸ್ತ್ರಕ್ಕೆ ಲಾಭ! ಇದೇ ವಸ್ತುವನ್ನು ಇಂದು ಡಿಆಕ್ಸಿರೈಬೋ ನ್ಯೂಕ್ಲಿಯಿಕ್ ಆಮ್ಲ, ಚುಟುಕಾಗಿ ಡಿ.ಎನ್.ಎ., ಎನ್ನುತ್ತೇವೆ.

ಮುಂದಿನ ಎಪ್ಪತ್ತು ವರ್ಷ ಈ ವಸ್ತುವಿಗೆ ಮರ್ಯಾದೆ ಸಿಗಲಿಲ್ಲ. ಅದರಲ್ಲಿರುವುದು ಒಂದು ಸಕ್ಕರೆ, ಒಂದು ಫಾಸ್ಫೇಟು, ಮತ್ತು ಅಡೆನಿನ್, ಥೈಮಿನ್, ಗ್ವಾನಿನ್, ಸೈಟೊಸಿನ್ ಎಂಬ ನಾಲ್ಕೇ ನಾಲ್ಕು ಪ್ರತ್ಯಾಮ್ಲಗಳು. ಇವು ನಾಲ್ಕೂ ಸಮಪ್ರಮಾಣದಲ್ಲಿ ಒಂದರ ಹಿಂದೊಂದು ಅದೇ ಸರದಿಯಲ್ಲಿ ಬರುತ್ತವೆಂದು ಫೀಬಸ್ ಲೆವೀನ್ ಎಂಬ ಹಿರಿಯ ರಸಾಯನಜ್ಞರು ಭಾವಿಸಿದ್ದರು. ನಾಲ್ಕು ಅಕ್ಷರವನ್ನೇ ತಿರುಗಿ ತಿರುಗಿ ಹೇಳುವವನಿಂದ ಪುರಾಣ ಹೇಳಿಸಲು ಸಾಧ್ಯವೇ? ಸಸಾರಜನಕಗಳಲ್ಲಿ, ಎಂದರೆ ಪ್ರೋಟೀನುಗಳಲ್ಲಿ, ಇಪ್ಪತ್ತು ಬಗೆಯ ಅಮೈನೊ ಆಮ್ಲಗಳಿವೆ. ವಂಶದ ಗುಟ್ಟು ಅಲ್ಲಿಯೇ ಇರಬೇಕೆಂದು ಎಲ್ಲರೂ ನಂಬಿದರು.

ಈ ನಂಬಿಕೆಗೆ ಪೆಟ್ಟುಕೊಟ್ಟದ್ದು ೧೯೪೪ರಲ್ಲಿ, ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಆಸ್ವಾಲ್ಡ್ ಏವರಿ ಮತ್ತು ಅವರ ಸಂಗಡಿಗರಾದ ಮೆಕ್ಲಿಯಡ್, ಮೆಕಾರ್ಟಿ. ನ್ಯುಮೋನಿಯಾ ತರುವ ಏಕಾಣುಜೀವಿಗಳಲ್ಲಿ ಕೊಲ್ಲುವ ಜಾತಿ, ಕೊಲ್ಲದ ಜಾತಿ ಎಂದು ಎರಡುಂಟು. ಸತ್ತ ಕೊಲೆಗಡುಕ ಜಾತಿಯ ಸಾರವನ್ನು ಸಾಧುಜಾತಿಯೊಂದಿಗೆ ಬೆರೆಸಿದರೆ ಸಾಧುವೂ ಕೊಲೆಗಡುಕನಾಗುತ್ತದೆ. ಅದರ ಸಂತತಿಯೂ ಹಾಗೆಯೇ. ಇದನ್ನು ಗ್ರಿಫಿತ್ ಎಂಬವರು ೧೯೨೮ರಲ್ಲೇ ಕಂಡಿದ್ದರು. ಆ ಸಾರದಲ್ಲಿ ಯಾವ ವಸ್ತು ಈ ಮಾರ್ಪಾಟನ್ನು ಮಾಡುತ್ತದೆಂದು ಏವರಿ ಸೋಸಿ ನೋಡಿದರು. ಪ್ರೋಟೀನನ್ನು ಹಾಳುಮಾಡಿದರೂ ಗುಣ ಹೋಗಲಿಲ್ಲ, ಡಿ.ಎನ್.ಎ.ಯನ್ನು ಕರಗಿಸುವ ಕಿಣ್ವವನ್ನು ಹಾಕಿದೊಡನೆ ಹೋಯಿತು. ಇಷ್ಟು ದೊಡ್ಡ ಮಾತನ್ನು ಏವರಿ ಬಹಳ ಸಂಕೋಚದಿಂದ ಹೇಳಿದರು. ೧೯೫೫ರಲ್ಲಿ ತೀರಿಕೊಳ್ಳುವವರೆಗೂ ಅವರಿಗೆ ನೊಬೆಲ್ ಬಹುಮಾನ ಬರಲಿಲ್ಲ. ಸಂಶಯಪಟ್ಟವರ ಬಾಯಿ ಮುಚ್ಚಿಸಿದ್ದು ೧೯೫೨ರಲ್ಲಿ ವೈರಸ್ಸುಗಳ ಮೇಲೆ ಹರ್ಷಿ ಮತ್ತು ಮಾರ್ತಾ ಚೇಸ್ ನಡೆಸಿದ ಪ್ರಯೋಗ.

ಇಷ್ಟರಲ್ಲಿ ಕೊಲಂಬಿಯ ವಿಶ್ವವಿದ್ಯಾಲಯದ ಎರ್ವಿನ್ ಶಾರ್ಗಾಫ್ ಇನ್ನೊಂದು ಲೆಕ್ಕವನ್ನು ತೆಗೆದಿದ್ದರು. ನಾಲ್ಕು ಪ್ರತ್ಯಾಮ್ಲಗಳೂ ಸಮಪ್ರಮಾಣದಲ್ಲಿಲ್ಲ. ಪ್ರಾಣಿಯಿಂದ ಪ್ರಾಣಿಗೆ ಪ್ರಮಾಣ ಬೇರೆ. ಆದರೆ ಯಾವ ಪ್ರಾಣಿಯಲ್ಲಾಗಲಿ ಅಡೆನಿನ್ ಎಷ್ಟೋ ಥೈಮಿನ್ ಹೆಚ್ಚುಕಡಿಮೆ ಅಷ್ಟೇ, ಗ್ವಾನಿನ್ ಎಷ್ಟೋ ಸೈಟೊಸಿನ್ ಅಷ್ಟೇ. ಮನುಷ್ಯನಲ್ಲಿ ಮೊದಲಿನವೆರಡು ನೂರಕ್ಕೆ ಸುಮಾರು ೩೦ರಂತೆ, ಉಳಿದವೆರಡು ಸುಮಾರು ೨೦ರಂತೆ. ೧೯೫೦ರಲ್ಲಿ ಇದನ್ನು ಪ್ರಕಟಿಸಿದ ಶಾರ್ಗಾಫರಿಗೇ ಈ ಸಮತೆಯ ಅರ್ಥ ಹೊಳೆಯಲಿಲ್ಲ.

ಇನ್ನು ಆಕಾರದ ಮಾತು. ಈ ಅಣುವಿನ ಅಗಲ ಸುಮಾರು ೨೦ ಆಂಗ್‌ಸ್ಟ್ರಾಂ. ಒಂದು ಮಿಲಿಮೀಟರನ್ನು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಆಂಗ್‌ಸ್ಟ್ರಾಂ. ಬೆಳಕಿನ ಅಲೆಯೇ ಇದಕ್ಕಿಂತ ನೂರಾರು ಪಾಲು ದೊಡ್ಡದಾದ್ದರಿಂದ ಸೂಕ್ಷ್ಮದರ್ಶಕದಲ್ಲಿ ಇದರ ಪರಮಾಣುಗಳನ್ನು ಕಾಣುವಂತಿಲ್ಲ. ಆದಕಾರಣ ಕ್ಷ-ಕಿರಣಗಳ ಮೊರೆಹೊಗಬೇಕು. ಕ್ಷ-ಕಿರಣವನ್ನು ಕ್ರಮಬದ್ಧವಾದ ವಸ್ತುವಿನ ಮೂಲಕ ಹಾಯಿಸಿದರೆ ಅದು ಚದುರಿ ಹಿಂದಿನ ಫಿಲ್ಮಿನ ಮೇಲೆ ಚುಕ್ಕಿಗಳನ್ನು ಮೂಡಿಸುತ್ತದೆ. ಅದು ವಸ್ತುವಿನ ಚಿತ್ರವಲ್ಲ, ಒಗಟು. ಅಂಗಳದ ರಂಗೋಲಿಯಲ್ಲಿ ಎಳೆಗಳನ್ನೆಲ್ಲ ಅಳಿಸಿ ಚುಕ್ಕಿಗಳನ್ನು ಮಾತ್ರ ಉಳಿಸಿ, “ಎಳೆ ಹೇಗಿತ್ತು ಹೇಳಿ ನೋಡೋಣ” ಎಂದರೆ ಹೇಗೋ ಹಾಗೆ. ಚುಕ್ಕಿಗಳ ಅಂತರವನ್ನು ಅಳೆದು, ಗಣಿತ ಹಾಕಿ, ಎಳೆಗಳನ್ನು ಊಹಿಸಬೇಕು. ಲೀಡ್ಸ್ ನಗರದಲ್ಲಿ ವಿಲಿಯಂ ಆಸ್ಟ್‌ಬರಿ ಮತ್ತು ಫ್ಲಾರೆನ್ಸ್ ಬೆಲ್ ೧೯೩೮ರಷ್ಟು ಹಿಂದೆಯೇ ಡಿ.ಎನ್.ಎ.ಯ ಇಂಥ ಚಿತ್ರಗಳನ್ನು ಪ್ರಕಟಿಸಿ, ಅದರಲ್ಲಿ ೩.೪ ಆಂಗ್‌ಸ್ಟ್ರಾಮಿಗೊಮ್ಮೆ ಏನೋ ಮರುಕಳಿಸುತ್ತದೆಂದು ತೋರಿಸಿದ್ದರು. ಚಿತ್ರಗಳು ಮಾತ್ರ ಮಸುಕಾಗಿದ್ದವು.

೧೯೫೧ರ ಜನವರಿಯಲ್ಲಿ ರೊಸಾಲಿಂಡ್ ಫ್ರಾಂಕ್ಲಿನ್ ಕಿಂಗ್ಸ್ ಕಾಲೇಜಿಗೆ ಬಂದರು. ಆಗ ಅವರಿಗೆ ಮೂವತ್ತು ವರ್ಷ. ಕೇಂಬ್ರಿಜಿನಲ್ಲಿ ಓದಿ, ಯುದ್ಧಕಾಲದಲ್ಲಿ ಕಲ್ಲಿದ್ದಲಿನೊಳಗಿನ ಸೂಕ್ಷ್ಮರಂಧ್ರಗಳನ್ನು ಅಭ್ಯಾಸಮಾಡಿ, ಪ್ಯಾರಿಸಿನಲ್ಲಿ ಕ್ಷ-ಕಿರಣವಿದ್ಯೆಯನ್ನು ಕರಗತಮಾಡಿಕೊಂಡಿದ್ದರು. ಕಿಂಗ್ಸ್ ಕಾಲೇಜಿನಲ್ಲಿ ಮಾರಿಸ್ ವಿಲ್ಕಿನ್ಸ್ ಎಂಬವರು ಆಗಲೇ ಡಿ.ಎನ್.ಎ.ಯ ಕೆಲಸವನ್ನು ಹಿಡಿದಿದ್ದರು. ಬರ್ನ್ ನಗರದ ಸಿಗ್ನರ್ ಎಂಬ ರಸಾಯನಜ್ಞರು ತಯಾರಿಸಿದ್ದ ಉತ್ತಮ ದರ್ಜೆಯ ಡಿ.ಎನ್.ಎ. ಅವರ ಕೈಸೇರಿತ್ತು. ಇಲ್ಲಿ ವಿಭಾಗದ ಮುಖ್ಯಸ್ಥ ರ‍್ಯಾಂಡಲ್ ಒಂದು ಕೆಲಸ ಮಾಡಿದರು. ಕ್ಷ-ಕಿರಣದಿಂದ ಡಿ.ಎನ್.ಎ.ಯನ್ನು ಪರೀಕ್ಷಿಸುವ ಕೆಲಸ ಇನ್ನು ಮುಂದೆ ನೀವು ಮತ್ತು ಗಾಸ್ಲಿಂಗ್ ಇಬ್ಬರದೇ ಎಂದು ಫ್ರಾಂಕ್ಲಿನ್ನರಿಗೆ ಕಾಗದ ಬರೆದರು. ವಿಲ್ಕಿನ್ಸರಿಗೆ ಆ ಕಾಗದದ ವಿಷಯ ತಿಳಿಯಲಿಲ್ಲ. ಆಕೆ ತಮಗೆ ನೆರವಾಗಲು ಬಂದವರೆಂದು ಇವರು ತಿಳಿದರು. ಇವರು ತಮ್ಮ ಕೆಲಸದಲ್ಲಿ ಕೈಹಾಕುತ್ತಾರೆಂದು ಆಕೆ ತಿಳಿದರು. ಇಬ್ಬರ ನಡುವೆ ಮಾತುಕತೆ ಇಲ್ಲವೆನ್ನುವಷ್ಟಾಯಿತು. ಈ ವೈಮನಸ್ಯಕ್ಕೆ ಸ್ವಭಾವಗಳನ್ನು ದೂರುವವರು ಆ ಕಾಗದವನ್ನು ಮರೆಯುತ್ತಾರೆ. ಒಂದೇ ಹೊಲವನ್ನು ಇಬ್ಬರಿಗೆ ಗುತ್ತಿಗೆ ಕೊಟ್ಟರೆ ಜಗಳವಾಗದೆ ಮತ್ತೇನಾದೀತು?

ಕೆಲಸ ಮಾತ್ರ ಅದ್ಭುತವಾಗಿ ನಡೆಯಿತು. ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಹಪ್ಪಳ ಮೆತ್ತಗಾಗುವುದನ್ನು ನೋಡಿದ್ದೀರಷ್ಟೆ. ಡಿ.ಎನ್.ಎ.ಯ ಎಳೆಯೂ ಗಾಳಿಯ ತೇವವನ್ನು ಹೀರಿ ಉದ್ದವಾಗುತ್ತದೆ, ಒಣಗಿಸಿದರೆ ಕುಗ್ಗುತ್ತದೆ. ಫ್ರಾಂಕ್ಲಿನ್ ಕ್ಯಾಮೆರಾದೊಳಗಿನ ತೇವವನ್ನು ಹದವರಿತು ಹೆಚ್ಚುಕಡಿಮೆ ಮಾಡಿ, ಎಳೆಗೆ ಎರಡು ರೂಪಗಳಿವೆ ಎಂದು ಕಂಡುಕೊಂಡರು. ಒಣಗಿದ್ದಕ್ಕೆ ‘ಎ’ ರೂಪ, ತೇವದ್ದಕ್ಕೆ ‘ಬಿ’ ರೂಪ ಎಂದು ಹೆಸರಾಯಿತು. ಅದುವರೆಗಿನ ಚಿತ್ರಗಳು ಮಸುಕಾಗಿದ್ದುದು ಎರಡೂ ರೂಪಗಳು ಬೆರೆತಿದ್ದರಿಂದ. ನೀರನ್ನು ಇಷ್ಟು ಸುಲಭವಾಗಿ ಹೀರುವುದರಿಂದ, ನೀರನ್ನು ಪ್ರೀತಿಸುವ ಫಾಸ್ಫೇಟುಗಳು ಅಣುವಿನ ಹೊರಮೈಯಲ್ಲಿಯೇ ಇರಬೇಕೆಂದೂ ಅವರು ತೀರ್ಮಾನಿಸಿದರು. ೧೯೫೨ರ ಮೇ ತಿಂಗಳಲ್ಲಿ ಅವರೂ ಗಾಸ್ಲಿಂಗರೂ ಸೇರಿ ಒಂದೇ ಎಳೆಗೆ ಅರವತ್ತು ಗಂಟೆಗಳಿಗೂ ಹೆಚ್ಚು ಕಾಲ ಕ್ಷ-ಕಿರಣ ಹಾಯಿಸಿ ‘ಬಿ’ ರೂಪದ ಚಿತ್ರವೊಂದನ್ನು ತೆಗೆದರು. ಕರಿಯ ಚುಕ್ಕಿಗಳು ಗುಣಾಕಾರದ ಚಿಹ್ನೆಯಂತೆ ಅಡ್ಡಡ್ಡ ಹಾದಿದ್ದ ಈ ಚಿತ್ರವೇ ಮುಂದೆ ಹೆಸರಾದ ೫೧ನೆಯ ಚಿತ್ರ. ಸುರುಳಿಯಾದ ವಸ್ತು ಮೂಡಿಸುವುದು ಇಂಥ ಗುರುತನ್ನೇ.

ಇತ್ತ ಕೇಂಬ್ರಿಜಿನಲ್ಲಿ ಏನಾಗುತ್ತಿತ್ತು? ಅಮೆರಿಕದಿಂದ ೧೯೫೧ರ ಶರತ್ಕಾಲದಲ್ಲಿ ಬಂದ ಇಪ್ಪತ್ತಮೂರರ ತರುಣ ವಾಟ್ಸನ್, ಮೂವತ್ತೈದಾದರೂ ಇನ್ನೂ ಡಾಕ್ಟರ್ ಪದವಿ ಪಡೆಯದ ಕ್ರಿಕ್ ಇಬ್ಬರೂ ಜೊತೆಗೂಡಿ ಹಗಲೂ ಇರುಳೂ ಇದೇ ಮಾತಾಡುತ್ತಿದ್ದರು. ಪ್ರಯೋಗ ಮಾಡುವುದಕ್ಕಿಂತ ತಂತಿ, ತಗಡುಗಳಿಂದ ಅಣುವಿನ ಮಾದರಿ ಕಟ್ಟಿ ನೋಡುವುದು ಇವರ ದಾರಿ. ಆ ನವೆಂಬರಿನಲ್ಲಿ ಫ್ರಾಂಕ್ಲಿನ್ ಲಂಡನ್ನಿನಲ್ಲಿ ಕೊಟ್ಟ ಉಪನ್ಯಾಸವನ್ನು ವಾಟ್ಸನ್ ಕೇಳಿದರು. ಆದರೆ ಟಿಪ್ಪಣಿ ಬರೆದುಕೊಳ್ಳಲಿಲ್ಲ. ನೀರಿನ ಪ್ರಮಾಣವನ್ನು ತಪ್ಪಾಗಿ ನೆನಪಿಟ್ಟುಕೊಂಡು ಬಂದು ಹೇಳಿದರು. ಆ ತಪ್ಪಿನ ಮೇಲೆ ಇಬ್ಬರೂ ಮೂರೆಳೆಯ ಮಾದರಿಯೊಂದನ್ನು ಕಟ್ಟಿ, ಫಾಸ್ಫೇಟುಗಳನ್ನು ಒಳಗೆ ತುರುಕಿದರು. ಕಿಂಗ್ಸ್ ಕಾಲೇಜಿನವರನ್ನು ಕರೆಸಿ ತೋರಿಸಿದರು. ನೀರೆಲ್ಲಿ ಹೋಯಿತೆಂದು ಫ್ರಾಂಕ್ಲಿನ್ ಕೇಳಿದಾಗ ಮಾದರಿ ಅಲ್ಲಿಗೇ ಮುಗಿಯಿತು. ಕ್ಯಾವೆಂಡಿಷ್ ಪ್ರಯೋಗಶಾಲೆಯ ಮುಖ್ಯಸ್ಥ ಲಾರೆನ್ಸ್ ಬ್ರ್ಯಾಗ್, ಇನ್ನು ನೀವಿಬ್ಬರೂ ಈ ಗೊಡವೆಗೆ ಹೋಗಕೂಡದೆಂದು ಅಪ್ಪಣೆ ಮಾಡಿದರು.

ಫ್ರಾಂಕ್ಲಿನ್ನರ ಪಕ್ಷ ವಹಿಸುವವರು ಒಂದು ಮಾತನ್ನು ಒಪ್ಪಬೇಕು. ೧೯೫೨ರ ಬಹುಭಾಗವನ್ನು ಅವರು ‘ಎ’ ರೂಪದ ಮೇಲೆ ಕಳೆದರು. ಅದರ ಚುಕ್ಕಿಗಳು ಹೆಚ್ಚು, ಸ್ಫುಟ, ಅಳೆಯಲು ಅನುಕೂಲ. ಆದರೆ ಗಣಿತ ಅಪಾರ, ಎಲ್ಲವೂ ಕೈಲೆಕ್ಕ. ಒಣರೂಪ ಸುರುಳಿಯಲ್ಲವೆಂದು ಕೆಲಕಾಲ ತೋರಿ, ಆ ಜುಲೈಯಲ್ಲಿ ಅವರೂ ಗಾಸ್ಲಿಂಗರೂ ಸುರುಳಿ ತೀರಿಕೊಂಡಿತೆಂದು ತಮಾಷೆಗೆ ಮರಣವಾರ್ತೆಯ ಕಾರ್ಡೊಂದನ್ನೂ ಬರೆದು ಹಂಚಿದರು. ಅಳತೆ ಹೇಳುವವರೆಗೆ ಆಕಾರ ಹೇಳಬಾರದೆಂಬುದು ಅವರು ಕಲಿತ ಶಿಸ್ತು. ಆ ಶಿಸ್ತು ತಪ್ಪಲ್ಲ. ಆದರೆ ಅದು ನಿಧಾನ, ಮತ್ತು ಅವರೊಂದಿಗೆ ಸರಿಸಮನಾಗಿ ವಾದಿಸುವ ಒಬ್ಬ ಕ್ರಿಕ್ ಅಲ್ಲಿರಲಿಲ್ಲ.

೧೯೫೩ರ ಜನವರಿಯ ಕೊನೆಗೆ ಸಂಗತಿಗಳು ಓಡತೊಡಗಿದವು. ಕ್ಯಾಲಿಫೋರ್ನಿಯಾದ ಮಹಾಪಂಡಿತ ಲೈನಸ್ ಪಾಲಿಂಗ್ ತಾವೂ ಒಂದು ಮಾದರಿಯನ್ನು ಬರೆದರು. ಅವರ ಮಗ ಪೀಟರ್ ಆಗ ಕೇಂಬ್ರಿಜಿನಲ್ಲೇ ಓದುತ್ತಿದ್ದುದರಿಂದ ಹಸ್ತಪ್ರತಿ ವಾಟ್ಸನ್ನರ ಕೈಗೆ ಬಂತು. ನೋಡಿದರೆ ಅದೂ ಮೂರೆಳೆ, ಅದರಲ್ಲೂ ಫಾಸ್ಫೇಟು ಒಳಗೆ! ಪಾಲಿಂಗ್ ತಪ್ಪನ್ನು ತಿದ್ದಿಕೊಳ್ಳುವ ಮುನ್ನ ಗೆಲ್ಲಬೇಕೆಂಬ ತವಕ ಹುಟ್ಟಿತು. ಜನವರಿ ೩೦ರಂದು ವಾಟ್ಸನ್ ಲಂಡನ್ನಿಗೆ ಹೋದಾಗ ವಿಲ್ಕಿನ್ಸ್ ೫೧ನೆಯ ಚಿತ್ರವನ್ನು ತೆಗೆದು ತೋರಿಸಿದರು. ಫ್ರಾಂಕ್ಲಿನ್ ಕಾಲೇಜನ್ನು ಬಿಡುವುದು ನಿಶ್ಚಯವಾಗಿ ಚಿತ್ರ ವಿಲ್ಕಿನ್ಸರ ವಶಕ್ಕೆ ಬಂದಿತ್ತೆಂಬುದು ನಿಜ. ಆಕೆಯನ್ನು ಕೇಳಿ ತೋರಿಸಲಿಲ್ಲವೆಂಬುದೂ ನಿಜ.

ಈ ಚಿತ್ರದ ಕಥೆ ಎಲ್ಲರಿಗೂ ಗೊತ್ತು. ಚಿತ್ರಕ್ಕಿಂತ ಮುಖ್ಯವಾದುದು ಒಂದು ವರದಿ. ಕಿಂಗ್ಸ್ ಕಾಲೇಜಿನ ಕೆಲಸಕ್ಕೆ ಹಣ ಕೊಡುತ್ತಿದ್ದ ವೈದ್ಯಕೀಯ ಸಂಶೋಧನ ಮಂಡಲಿಯ ಸಮಿತಿಯೊಂದು ೧೯೫೨ರ ಡಿಸೆಂಬರಿನಲ್ಲಿ ಅಲ್ಲಿಗೆ ಭೇಟಿಕೊಟ್ಟಿತ್ತು. ಅದಕ್ಕಾಗಿ ಸಿದ್ಧವಾದ ವರದಿಯಲ್ಲಿ ಫ್ರಾಂಕ್ಲಿನ್ ತಮ್ಮ ಅಳತೆಗಳ ಸಾರವನ್ನು ಬರೆದಿದ್ದರು. ಸಮಿತಿಯ ಸದಸ್ಯರಾದ ಮ್ಯಾಕ್ಸ್ ಪೆರುಟ್ಸ್ ಫೆಬ್ರವರಿಯಲ್ಲಿ ಅದನ್ನು ಕ್ರಿಕ್ಕರಿಗೆ ಕೊಟ್ಟರು. ಅದು ಗುಪ್ತಪತ್ರವಲ್ಲವೆಂದು ಪೆರುಟ್ಸ್ ಮುಂದೆ ಸಮಜಾಯಿಷಿ ಕೊಟ್ಟಿದ್ದಾರೆ. ಆಗಲಿ, ಪ್ರಕಟಣೆಗೆಂದು ಬರೆದದ್ದೂ ಅಲ್ಲ. ವರದಿಯಲ್ಲಿ ‘ಎ’ ರೂಪದ ಸ್ಫಟಿಕಕ್ಕೆ ಎಂಥ ಸಮಮಿತಿಯಿದೆ ಎಂಬ ಒಂದು ಸಣ್ಣ ವಿವರವಿತ್ತು. ಅದೇ ಬಗೆಯ ಸಮಮಿತಿ ಕ್ರಿಕ್ಕರು ಅಭ್ಯಾಸಮಾಡುತ್ತಿದ್ದ ಕುದುರೆಯ ಹೀಮೊಗ್ಲೋಬಿನ್ನಿನಲ್ಲಿತ್ತು. ಆದ್ದರಿಂದ ಅವರಿಗೆ ತಟ್ಟನೆ ಹೊಳೆಯಿತು: ಈ ಅಣುವನ್ನು ತಲೆಕೆಳಗು ಮಾಡಿದರೂ ಹಾಗೆಯೇ ಕಾಣುತ್ತದೆ. ಎಂದಮೇಲೆ ಎಳೆಗಳು ಎರಡು, ಒಂದು ಮೇಲ್ಮುಖ, ಇನ್ನೊಂದು ಕೆಳಮುಖ. ಅಕ್ಕಪಕ್ಕದ ಹಳಿಗಳ ಮೇಲೆ ಹೋಗುವ ರೈಲು, ಬರುವ ರೈಲು ಇದ್ದಂತೆ. ಅಳೆದವರಿಗೆ ಕಾಣದ್ದು ಅಳತೆಯನ್ನು ಓದಿದವರಿಗೆ ಕಂಡಿತು. ಇದು ಕ್ರಿಕ್ಕರ ಸ್ವಂತ ಸೊತ್ತು, ಇದರಲ್ಲಿ ಯಾರ ಪಾಲೂ ಇಲ್ಲ.

ಇನ್ನುಳಿದದ್ದು ಪ್ರತ್ಯಾಮ್ಲಗಳನ್ನು ಒಳಗೆ ಜೋಡಿಸುವ ಬಗೆ. ಕಾರ್ಖಾನೆಯಿಂದ ತಗಡಿನ ತುಂಡುಗಳು ಬರುವುದು ತಡವಾಗಿ ವಾಟ್ಸನ್ ರಟ್ಟಿನಲ್ಲೇ ಅವುಗಳ ಆಕಾರ ಕತ್ತರಿಸಿಕೊಂಡರು. ಮೊದಲು ಅಡೆನಿನ್ನಿಗೆ ಅಡೆನಿನ್ ಎಂಬಂತೆ ಸಜಾತಿಗಳನ್ನೇ ಜೋಡಿಸಿ ನೋಡಿದರು. ಅದೇ ಕೋಣೆಯಲ್ಲಿ ಕೂರುತ್ತಿದ್ದ ಜೆರ್ರಿ ಡಾನೊಹ್ಯೂ ಎಂಬ ಅಮೆರಿಕದ ರಸಾಯನಜ್ಞರು, ನೀನು ಪಠ್ಯಪುಸ್ತಕದಿಂದ ಎತ್ತಿಕೊಂಡ ಆಕಾರಗಳೇ ತಪ್ಪು, ಜಲಜನಕದ ಪರಮಾಣು ಇರಬೇಕಾದ್ದು ಅಲ್ಲಲ್ಲ, ಇಲ್ಲಿ ಎಂದು ತಿದ್ದಿದರು. ಫೆಬ್ರವರಿ ೨೮, ಶನಿವಾರ ಬೆಳಿಗ್ಗೆ ತಿದ್ದಿದ ರಟ್ಟುಗಳನ್ನು ಮೇಜಿನ ಮೇಲೆ ಆಚೀಚೆ ಸರಿಸುತ್ತಿದ್ದಾಗ ಅಡೆನಿನ್ ಥೈಮಿನ್‌ಗಳ ಜೋಡಿಯೂ ಗ್ವಾನಿನ್ ಸೈಟೊಸಿನ್‌ಗಳ ಜೋಡಿಯೂ ಉದ್ದಗಲದಲ್ಲಿ ಒಂದೇ ಆಗಿರುವುದು ಕಣ್ಣಿಗೆ ಬಿತ್ತು. ಶಾರ್ಗಾಫರ ಲೆಕ್ಕದ ಅರ್ಥ ಆ ಕ್ಷಣಕ್ಕೆ ತಾನಾಗಿ ಬಿಚ್ಚಿಕೊಂಡಿತು. ಮಾರ್ಚ್ ಮೊದಲ ವಾರದಲ್ಲಿ ಆಳೆತ್ತರದ ಮಾದರಿ ಎದ್ದು ನಿಂತಿತು.

ನೀವು ನೂಲೇಣಿಯನ್ನು ನೋಡಿದ್ದರೆ ಈ ಮಾದರಿಯನ್ನು ಊಹಿಸಿಕೊಳ್ಳುವುದು ಸುಲಭ. ಎರಡು ಹಗ್ಗಗಳು ಸಕ್ಕರೆ ಫಾಸ್ಫೇಟುಗಳ ಸರ. ನಡುವಿನ ಮೆಟ್ಟಿಲುಗಳು ಪ್ರತ್ಯಾಮ್ಲಗಳ ಜೋಡಿ. ಈ ಏಣಿಯನ್ನು ಬಲಕ್ಕೆ ತಿರುಚಿ. ೩.೪ ಆಂಗ್‌ಸ್ಟ್ರಾಮಿಗೊಂದು ಮೆಟ್ಟಿಲು, ಹತ್ತು ಮೆಟ್ಟಿಲಿಗೆ ಒಂದು ಸುತ್ತು. ಒಂದು ಹಗ್ಗದ ಮೇಲಿನ ಅಕ್ಷರಗಳು ಗೊತ್ತಾದರೆ ಇನ್ನೊಂದರ ಮೇಲಿನವು ತಾವಾಗಿಯೇ ಗೊತ್ತಾಗುತ್ತವೆ. ಏಣಿಯನ್ನು ನಡುವೆ ಸೀಳಿ ಎರಡು ಮಾಡಿ. ಪ್ರತಿಯೊಂದು ಅರ್ಧವೂ ತನ್ನ ಕಳೆದ ಅರ್ಧವನ್ನು ಕಟ್ಟಿಕೊಳ್ಳಬಲ್ಲದು. ತಾತನ ಮೂಗು ಮೊಮ್ಮಗನವರೆಗೆ ಪ್ರತಿಯಾಗುತ್ತ ಬರುವ ದಾರಿ ಇದು. ಈ ಮಾತನ್ನು ವಾಟ್ಸನ್ ಮತ್ತು ಕ್ರಿಕ್ ತಮ್ಮ ಲೇಖನದ ಕೊನೆಯಲ್ಲಿ ಒಂದೇ ವಾಕ್ಯದಲ್ಲಿ, ಪಿಸುಮಾತಿನಂತೆ, ಹೇಳಿ ಬಿಟ್ಟರು.

ಅದೇ ಲೇಖನದಲ್ಲಿ ಇನ್ನೊಂದು ಮಾತೂ ಇದೆ. ವಿಲ್ಕಿನ್ಸ್, ಫ್ರಾಂಕ್ಲಿನ್ ಮತ್ತು ಅವರ ಸಹೋದ್ಯೋಗಿಗಳ ಅಪ್ರಕಟಿತ ಫಲಿತಾಂಶಗಳ ಸ್ಥೂಲಪರಿಚಯ ತಮಗೆ ಪ್ರೇರಣೆಯಾಯಿತೆಂದು ಅವರು ಬರೆದರು, ವಿವರಗಳು ಗೊತ್ತಿರಲಿಲ್ಲವೆಂದರು. ವರದಿ ಕೈಯಲ್ಲಿದ್ದವರು ಹೀಗೆ ಬರೆದದ್ದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ. ಅಳತೆಯನ್ನು ಬಳಸಿದ್ದು ತಪ್ಪಲ್ಲ, ವಿಜ್ಞಾನ ನಡೆಯುವುದೇ ಹಾಗೆ; ಬಳಸಿದೆವೆಂದು ಅಂದೇ ಬಾಯಿತುಂಬ ಹೇಳದಿದ್ದುದು ತಪ್ಪು. ಫ್ರಾಂಕ್ಲಿನ್ ಎಷ್ಟು ಹತ್ತಿರದಲ್ಲಿದ್ದರೆಂಬುದಕ್ಕೆ ಆರನ್ ಕ್ಲೂಗ್ ಮುಂದೆ ಸಾಕ್ಷಿಗಳನ್ನು ಹೊರತಂದರು. ಫೆಬ್ರವರಿ ೨೪ರ ಹೊತ್ತಿಗೆ ಅವರ ಟಿಪ್ಪಣಿ ಪುಸ್ತಕದಲ್ಲಿ ಎರಡೂ ರೂಪಗಳು ಎರಡೆಳೆಯ ಸುರುಳಿಗಳಾಗಿದ್ದವು. ಮಾರ್ಚ್ ೧೭ರ ತಾರೀಖಿನ ಬೆರಳಚ್ಚಿನ ಕರಡಿನಲ್ಲಿ ‘ಬಿ’ ರೂಪದ ಜೋಡಿಸುರುಳಿ ಸ್ಪಷ್ಟವಾಗಿತ್ತು. ಎಳೆಗಳ ಎದುರುಬದುರು ನಡೆ, ಅಕ್ಷರಗಳ ಜೋಡಣೆ ಇವೆರಡೇ ಅವರಿಗೆ ಸಿಕ್ಕಿರಲಿಲ್ಲ. ಆ ಕರಡೇ ತುಸು ತಿದ್ದುಪಡಿಯೊಂದಿಗೆ ‘ನೇಚರ್’ ಪತ್ರಿಕೆಯ ಮೂರನೆಯ ಲೇಖನವಾಯಿತು. ಓದಿದವರು ಅದನ್ನು ಕೇಂಬ್ರಿಜಿನವರ ಮಾತಿಗೆ ಹಾಕಿದ ರುಜುವೆಂದು ತಿಳಿದರು.

ಮಾದರಿ ಚೆನ್ನಾಗಿದೆ ಎಂದಮಾತ್ರಕ್ಕೆ ನಿಜವಾಗಬೇಕೆಂದಿಲ್ಲ. ಪ್ರತಿಯಾಗುವ ಬಗೆಯನ್ನು ೧೯೫೮ರಲ್ಲಿ ಮೆಸೆಲ್ಸನ್ ಮತ್ತು ಸ್ಟಾಲ್ ಪರೀಕ್ಷೆಗೊಡ್ಡಿದರು. ಏಕಾಣುಜೀವಿಗಳನ್ನು ಭಾರದ ಸಾರಜನಕವಿರುವ ಆಹಾರದಲ್ಲಿ ಸಾಕಿ, ಆಮೇಲೆ ಸಾಮಾನ್ಯ ಸಾರಜನಕಕ್ಕೆ ಬದಲಾಯಿಸಿದರು. ಒಂದು ತಲೆಮಾರಿನ ನಂತರ ಡಿ.ಎನ್.ಎ. ಅತ್ತ ಭಾರವೂ ಅಲ್ಲ, ಇತ್ತ ಹಗುರವೂ ಅಲ್ಲ, ಸರಿಯಾಗಿ ನಡುವಿನ ತೂಕ. ಪ್ರತಿ ಮರಿ ಅಣುವಿನಲ್ಲೂ ಹಳೆಯ ಎಳೆಯೊಂದು, ಹೊಸ ಎಳೆಯೊಂದು ಎಂದಾಯಿತು.

ಆಕಾರದ ಸಂಶಯ ಇನ್ನೂ ಇಪ್ಪತ್ತು ವರ್ಷ ಉಳಿಯಿತು, ಮತ್ತು ಆ ಸಂಶಯಕ್ಕೆ ನಮ್ಮ ಬೆಂಗಳೂರಿನದೂ ಒಂದು ಪಾಲುಂಟು. ನಮ್ಮ ಕರುಳಿನಲ್ಲಿ ವಾಸಿಸುವ ಒಂದು ಏಕಾಣುಜೀವಿಯ ಡಿ.ಎನ್.ಎ.ಯಲ್ಲೇ ನಾಲ್ಕು ಲಕ್ಷಕ್ಕೂ ಮೀರಿದ ಸುತ್ತುಗಳಿವೆ. ಪ್ರತಿಯೆತ್ತುವಾಗ ಇವನ್ನೆಲ್ಲ ಒಂದು ಗಂಟೆಯೊಳಗೆ ಬಿಚ್ಚಬೇಕು. ಹುರಿಹಗ್ಗದ ಎಳೆಗಳನ್ನು ಬಿಡಿಸಲು ಹೊರಟವರಿಗೆ ಇದರ ಕಷ್ಟ ಗೊತ್ತು. ಭಾರತೀಯ ವಿಜ್ಞಾನ ಮಂದಿರದಲ್ಲಿ ವಿ. ಶಶಿಶೇಖರನ್ ಮತ್ತು ಅವರ ಸಂಗಡಿಗರು ೧೯೭೬ರಲ್ಲಿ ಬೇರೊಂದು ಮಾದರಿಯನ್ನು ಮುಂದಿಟ್ಟರು. ಎಳೆಗಳು ಪೂರ್ತಿ ಹೆಣೆದುಕೊಳ್ಳದೆ, ಒಂದಿಷ್ಟು ದೂರ ಬಲಕ್ಕೆ, ಒಂದಿಷ್ಟು ದೂರ ಎಡಕ್ಕೆ ತಿರುಗಿದರೂ ಕ್ಷ-ಕಿರಣದ ಚುಕ್ಕಿಗಳಿಗೆ ಉತ್ತರ ಸಿಗಬಹುದಲ್ಲ ಎಂಬುದು ಅವರ ವಾದ. ನ್ಯೂಜಿಲೆಂಡಿನವರೂ ಆ ವರ್ಷವೇ ಅಂಥದೇ ಮಾತನ್ನಾಡಿದರು. ೧೯೭೯ರಲ್ಲಿ ಅಮೆರಿಕದ ಅಲೆಕ್ಸಾಂಡರ್ ರಿಚ್ ಅವರ ತಂಡ ಡಿ.ಎನ್.ಎ.ಯ ಚಿಕ್ಕ ತುಂಡೊಂದರ ಹರಳು ಬೆಳೆಸಿ ನೋಡಿದಾಗ ಅದು ಎಡಕ್ಕೇ ತಿರುಗಿತ್ತು! ಎಡತಿರುವು ಅಸಾಧ್ಯವೆಂದಿದ್ದವರು ತಬ್ಬಿಬ್ಬಾದರು. ಮರುವರ್ಷ ಡಿಕ್ಕರ್‌ಸನ್ನರ ತಂಡ ಹನ್ನೆರಡು ಮೆಟ್ಟಿಲಿನ ತುಂಡನ್ನು ಹರಳುಗಟ್ಟಿಸಿ, ಸಾಮಾನ್ಯ ಡಿ.ಎನ್.ಎ. ಬಲತಿರುವಿನ ಜೋಡಿಸುರುಳಿಯೇ ಎಂದು ತೋರಿಸಿತು. ಬಿಚ್ಚುವ ಕಷ್ಟಕ್ಕೂ ಪರಿಹಾರ ಸಿಕ್ಕಿತು. ಎಳೆಯನ್ನು ಕತ್ತರಿಸಿ, ತಿರುವಿ, ಮತ್ತೆ ಅಂಟಿಸುವ ಕಿಣ್ವಗಳೇ ಜೀವಕೋಶದಲ್ಲಿವೆ. ಬೆಂಗಳೂರಿನ ಮಾದರಿ ನಿಲ್ಲಲಿಲ್ಲ. ಆದರೂ ಇಪ್ಪತ್ತಮೂರು ವರ್ಷ ಎಲ್ಲರೂ ಒಪ್ಪಿದ್ದನ್ನು ಮತ್ತೆ ಅಳೆಯಿರೆಂದು ಕೇಳಿದ ಧೈರ್ಯ ಅದಕ್ಕಿತ್ತು.

ಆಕಾರ ತಿಳಿದ ಮೇಲೆ ಲಿಪಿಯನ್ನು ಓದುವ ಕೆಲಸ. ೧೯೬೧ರಲ್ಲಿ ನಿರೆನ್‌ಬರ್ಗ್ ಮತ್ತು ಮತ್ತೇಯಿ ಮೊದಲ ಪದವನ್ನು ಓದಿದರು. ಮೂರು ಮೂರು ಅಕ್ಷರಗಳ ಅರವತ್ನಾಲ್ಕು ಪದಗಳು ೧೯೬೬ರ ವೇಳೆಗೆ ಪೂರ್ತಿ ತಿಳಿದವು. ಗೊತ್ತಾದ ಸರದಿಯ ಎಳೆಗಳನ್ನು ತಯಾರಿಸಿ ಇದನ್ನು ಸಾಧಿಸಿದವರಲ್ಲಿ ನಮ್ಮ ಪಂಜಾಬದಲ್ಲಿ ಹುಟ್ಟಿದ ಹರಗೋಬಿಂದ ಖುರಾನಾ ಒಬ್ಬರು. ೧೯೬೮ರಲ್ಲಿ ನೊಬೆಲ್ ಬಹುಮಾನದ ಪಾಲು ಪಡೆದರು. ೨೦೦೩ರ ಹೊತ್ತಿಗೆ ಮನುಷ್ಯನ ಸುಮಾರು ಮುನ್ನೂರು ಕೋಟಿ ಅಕ್ಷರಗಳ ಪಟ್ಟಿ ಬಹುಮಟ್ಟಿಗೆ ಸಿದ್ಧವಾಯಿತು. ಉಳಿದ ಖಾಲಿ ಜಾಗಗಳು ೨೦೨೨ರಲ್ಲಿ ತುಂಬಿದವು.

ಇದರಿಂದ ಬಂದ ಫಲವನ್ನು ಒಂದು ರೋಗದ ಮೂಲಕ ನೋಡಿ. ಸಿಕಲ್ ಸೆಲ್ ಎಂಬ ರೋಗದಲ್ಲಿ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು, ಮೈಕೈ ಮುರಿಯುವ ನೋವು ಕೊಡುತ್ತವೆ. ನಮ್ಮ ನೆರೆಯ ನೀಲಗಿರಿಯ ಗುಡ್ಡದ ಜನರಲ್ಲಿ ಇದರ ಲಕ್ಷಣವಿದೆಯೆಂದು ೧೯೫೨ರಲ್ಲಿ ಲೇಮನ್ ಮತ್ತು ಕಟ್‌ಬುಷ್ ಎಂಬ ವಿಜ್ಞಾನಿಗಳು ಪ್ರಕಟಿಸಿದರು. ೧೯೫೬-೫೭ರಲ್ಲಿ ಕ್ರಿಕ್ಕರ ಸಹೋದ್ಯೋಗಿ ವರ್ನನ್ ಇಂಗ್ರಾಂ, ರೋಗಿಯ ಹೀಮೊಗ್ಲೋಬಿನ್ನಿನ ಸರದಲ್ಲಿ ಒಂದೇ ಒಂದು ಮಣಿ ಬದಲಾಗಿದೆಯೆಂದು ತೋರಿಸಿದರು. ಆ ಮಣಿ ಬದಲಾಗಲು ಕಾರಣ ಡಿ.ಎನ್.ಎ.ಯಲ್ಲಿ ಒಂದೇ ಅಕ್ಷರದ ತಪ್ಪು. ಅಡೆನಿನ್ ಇರಬೇಕಾದಲ್ಲಿ ಥೈಮಿನ್. ೨೦೨೩ರ ಕೊನೆಗೆ ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಒಂದು ಚಿಕಿತ್ಸೆಗೆ ಅನುಮತಿ ಸಿಕ್ಕಿತು. ರೋಗಿಯ ಮಜ್ಜೆಯ ಮೂಲಕೋಶಗಳನ್ನು ಹೊರತೆಗೆದು, ಡಿ.ಎನ್.ಎ.ಯನ್ನು ಗೊತ್ತಾದ ಒಂದು ಸ್ಥಳದಲ್ಲಿ ಕತ್ತರಿಸಿ, ಗರ್ಭದಲ್ಲಿದ್ದಾಗ ತಯಾರಾಗುತ್ತಿದ್ದ ಹೀಮೊಗ್ಲೋಬಿನ್ ಮತ್ತೆ ತಯಾರಾಗುವಂತೆ ಮಾಡುವ ಚಿಕಿತ್ಸೆ ಅದು. ಅಮೆರಿಕದಲ್ಲಿ ಅದಕ್ಕೆ ಕಟ್ಟಿದ ಬೆಲೆ ಇಪ್ಪತ್ತೆರಡು ಲಕ್ಷ ಡಾಲರು. ನೀಲಗಿರಿಯ ಗುಡಿಸಲಿಗೆ ಅದು ಎಂದು ಮುಟ್ಟೀತೆಂದು ನೀವೇ ಯೋಚಿಸಿ.

ನೊಬೆಲ್ ಬಹುಮಾನ ೧೯೬೨ರಲ್ಲಿ ವಾಟ್ಸನ್, ಕ್ರಿಕ್, ವಿಲ್ಕಿನ್ಸ್ ಮೂವರಿಗೆ ಬಂತು. ವಿಜ್ಞಾನದ ನೊಬೆಲನ್ನು ತೀರಿಕೊಂಡವರಿಗೆ ಕೊಡುವ ವಾಡಿಕೆಯಿಲ್ಲ. ಫ್ರಾಂಕ್ಲಿನ್ ೧೯೫೮ರ ಏಪ್ರಿಲ್ ೧೬ರಂದು ಅಂಡಾಶಯದ ಕ್ಯಾನ್ಸರಿನಿಂದ, ಮೂವತ್ತೇಳನೆಯ ವಯಸ್ಸಿನಲ್ಲಿ, ತೀರಿಕೊಂಡಿದ್ದರು. ವಾಟ್ಸನ್ ೧೯೬೮ರ ತಮ್ಮ ಪುಸ್ತಕದಲ್ಲಿ ಅವರನ್ನು ಸಿಡುಕಿನ ಹೆಂಗಸನ್ನಾಗಿ ಚಿತ್ರಿಸಿದರು. ಅದಕ್ಕೆ ಉತ್ತರವಾಗಿ ಗೆಳತಿ ಆನ್ ಸೇರ್ ೧೯೭೫ರಲ್ಲಿ ಬೇರೊಂದು ಪುಸ್ತಕ ಬರೆದರು. ಅಲ್ಲಿಂದೀಚೆಗೆ ಆಕೆ ಕೇವಲ ಮೋಸಹೋದ ಬಡಪಾಯಿ ಎಂಬ ಇನ್ನೊಂದು ಕಥೆಯೂ ಹುಟ್ಟಿಕೊಂಡಿತು. ಇದೂ ಅವರಿಗೆ ನ್ಯಾಯವಲ್ಲ. ಹಳೆಯ ಕಾಗದಪತ್ರಗಳನ್ನು ಶೋಧಿಸಿ ಮ್ಯಾಥ್ಯೂ ಕಾಬ್ ಮತ್ತು ನಥೇನಿಯಲ್ ಕಂಫರ್ಟ್ ೨೦೨೩ರಲ್ಲಿ ಬರೆದಂತೆ, ಅವರು ನಾಲ್ವರಲ್ಲಿ ಒಬ್ಬ ಸಮಪಾಲುದಾರರು. ಕ್ರಿಕ್ ಮತ್ತು ವಿಲ್ಕಿನ್ಸ್ ೨೦೦೪ರಲ್ಲೂ, ವಾಟ್ಸನ್ ೨೦೨೫ರಲ್ಲೂ ತೀರಿಕೊಂಡರು.

ಫ್ರಾಂಕ್ಲಿನ್ನರು ಯಾರ ಮೇಲೂ ದೂರು ಹೇಳಿದಂತಿಲ್ಲ. ಮಾದರಿಯನ್ನು ಕಂಡೊಡನೆ ಒಪ್ಪಿಕೊಂಡರು. ಬರ್ಕ್‌ಬೆಕ್ ಕಾಲೇಜಿಗೆ ಹೋಗಿ, ಹೊಗೆಸೊಪ್ಪಿನ ಗಿಡಕ್ಕೆ ರೋಗ ತರುವ ವೈರಸ್ಸಿನ ರಚನೆಯನ್ನು ಅಭ್ಯಾಸಮಾಡಿದರು; ಆ ಐದು ವರ್ಷ ಅವರ ಜೀವನದ ಸುಖದ ಕಾಲ. ಶಸ್ತ್ರಚಿಕಿತ್ಸೆಯಾದ ಮೇಲೆ ಸುಧಾರಿಸಿಕೊಳ್ಳಲು ಕೆಲವು ದಿನ ಹೋಗಿ ಇದ್ದದ್ದು ಕ್ರಿಕ್ ದಂಪತಿಗಳ ಮನೆಯಲ್ಲೇ. ಅವರ ಸಮಾಧಿ ಲಂಡನ್ನಿನ ವಿಲ್ಸ್‌ಡೆನ್ನಿನಲ್ಲಿರುವ ಯೆಹೂದ್ಯರ ಸ್ಮಶಾನದಲ್ಲಿದೆ. ಕಲ್ಲಿನ ಮೇಲೆ ವಿಜ್ಞಾನಿ ಎಂದು ಕೆತ್ತಿ, ವೈರಸ್ಸುಗಳ ಮೇಲಿನ ಅವರ ಸಂಶೋಧನೆಯನ್ನು ಹೊಗಳಿದ್ದಾರೆ. ಡಿ.ಎನ್.ಎ. ಎಂಬ ಮಾತು ಅದರಲ್ಲಿಲ್ಲ.